ತಮ್ಮನ ಮೇಲೆ ರಕ್ಷಣಾ ಆದೇಶ ಪಡೆದ ಬಗೆ

ಕೌಟುಂಬಿಕ ದೌರ್ಜನ್ಯ ಕಾಯ್ದೆ (ಡಿವಿ) ಅಂದರೆ ಹೆಂಡತಿ ಗಂಡನ ಮೇಲೆ ಹಾಕುವ ಕೇಸು ಅಂತಲೇ ಬಹಳ ಜನ ತಿಳಿದಿದ್ದಾರೆ. ತಮ್ಮನ ಬೆದರಿಕೆಯ ದೂರು ಹಿಡಿದು ಹೋದಾಗ ಠಾಣೆಯ ರೈಟರ್ ಕೂಡ ನನಗೆ ಹಾಗೇ ಹೇಳಿದರು: "ಅಕ್ಕ-ತಮ್ಮನ ಜಗಳಕ್ಕೆ ಡಿವಿ ಬರಲ್ಲಮ್ಮ, ಆಸ್ತಿ ವಿಚಾರ ಇದ್ರೆ ಸಿವಿಲ್ ಕೋರ್ಟಿಗೆ ಹೋಗಿ." ಬರುತ್ತದೆ. 2005ರ ಕಾಯ್ದೆಯ ಕಲಂ 2(ಎಫ್) ರಕ್ತಸಂಬಂಧ, ಮದುವೆ, ದತ್ತು, ಅವಿಭಕ್ತ ಕುಟುಂಬ ಎಲ್ಲವನ್ನೂ ಹೆಸರಿಸುತ್ತದೆ. ಒಂದೇ ಮನೆಯಲ್ಲಿ ಈಗ ಇರಬೇಕು, ಇಲ್ಲವೇ ಹಿಂದೆ ಎಂದಾದರೂ ಇದ್ದಿರಬೇಕು, ಅಷ್ಟೇ. ಮಗನ ಮೇಲೆ ತಾಯಿ, ಮೈದುನನ ಮೇಲೆ ಅತ್ತಿಗೆ, ತಮ್ಮನ ಮೇಲೆ ಅಕ್ಕ, ಯಾರು ಬೇಕಾದರೂ ಅರ್ಜಿ ಹಾಕಬಹುದು. ಎದುರುದಾರರು ಗಂಡಸೇ ಆಗಿರಬೇಕೆಂಬ ಮಾತನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಹೀರಲ್ ಹರಸೋರಾ ಪ್ರಕರಣದಲ್ಲಿ ತೆಗೆದುಹಾಕಿತು. ಎಂದೂ ಒಂದೇ ಸೂರಿನಡಿ ಬಾಳದ ದೂರದ ನೆಂಟನ ಮೇಲೆ ಮಾತ್ರ ಈ ದಾರಿ ನಡೆಯುವುದಿಲ್ಲ. ಅರ್ಜಿದಾರರು ಹೆಣ್ಣೇ ಆಗಿರಬೇಕು.

ಕೋರ್ಟಿಗೆ ಹೋಗುವ ಮೊದಲು ಠಾಣೆಯ ಕಾಗದ ಇದ್ದರೆ ಒಳ್ಳೆಯದು. ಬರೀ ಬೆದರಿಕೆ ಮಾತು ಭಾರತೀಯ ನ್ಯಾಯ ಸಂಹಿತೆಯ ಕಲಂ 351ರ ಕೆಳಗೆ ಬರುತ್ತದೆ. ಅದು ಅಸಂಜ್ಞೇಯ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅದಕ್ಕೇ ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ದೂರು ದಾಖಲಾದ ರಸೀದಿ) ಕೊಟ್ಟು ಕಳಿಸುತ್ತಾರೆ. ಅದನ್ನು ಬೇಡ ಅನ್ನಬೇಡಿ. ದಿನಾಂಕ, ಸೀಲು, ನಂಬರು ಇರುವ ಆ ಹಾಳೆ ಮುಂದೆ ಕೆಲಸಕ್ಕೆ ಬರುತ್ತದೆ. ಹೊಡೆದು ಗಾಯ ಮಾಡಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಗಾಯ ಎಷ್ಟು, ಯಾವುದರಿಂದ ಆಯಿತು ಅನ್ನುವುದರ ಮೇಲೆ ಎಫ್‌ಐಆರ್ ಆಗುತ್ತದೋ ಇಲ್ಲವೋ ನಿಲ್ಲುತ್ತದೆ. ಎಫ್‌ಐಆರ್ ಮಾಡಲೇಬೇಕಾದ ವಿಷಯದಲ್ಲೂ ಠಾಣೆಯವರು ಆಗಲ್ಲ ಅಂದರೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಲು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಲ್ಲಿ ಅವಕಾಶ ಇದೆ.

ಠಾಣೆಯಲ್ಲಿ ಸಾಮಾನ್ಯವಾಗಿ ನಡೆಯುವುದು ರಾಜಿ ಪಂಚಾಯಿತಿ. ಇಬ್ಬರನ್ನೂ ಕೂರಿಸಿ, ಬೈದು, ಬಿಳಿ ಹಾಳೆಯ ಮೇಲೆ "ಇನ್ನು ಮುಂದೆ ತಂಟೆಗೆ ಹೋಗುವುದಿಲ್ಲ" ಅಂತ ಬರೆಸಿಕೊಳ್ಳುತ್ತಾರೆ. ಆ ಹಾಳೆ ಮುರಿದರೆ ಅದಕ್ಕಾಗಿಯೇ ಶಿಕ್ಷೆ ಅಂತ ಏನೂ ಇಲ್ಲ. ನಿಜವಾದ ಮುಚ್ಚಳಿಕೆ ಬೇಕಿದ್ದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 126ರ ಕೆಳಗೆ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107) ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವರದಿ ಕಳಿಸಿ ಅಂತ ಬರವಣಿಗೆಯಲ್ಲಿ ಕೇಳಬೇಕು. ತಾಲ್ಲೂಕಿನಲ್ಲಿ ಅವರೇ ತಹಶೀಲ್ದಾರರು. ಒಂದು ವರ್ಷದವರೆಗೆ ಶಾಂತಿ ಕಾಪಾಡಲು ಅವರು ಬಾಂಡ್ ಬರೆಸಬಹುದು. ಗಂಡಸರಿಗೆ ಬೆದರಿಕೆ ಇದ್ದರೂ ಈ ದಾರಿ ಇದೆ. ಆದರೆ ಪೊಲೀಸರು ಎಷ್ಟೋ ಸಲ ಇಬ್ಬರ ಮೇಲೂ 126 ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕೇ ದೂರಿನ ಕೊನೆಯಲ್ಲಿ "ನನ್ನಿಂದ ಶಾಂತಿಭಂಗ ಆಗಿಲ್ಲ, ಆಗುವುದೂ ಇಲ್ಲ, ಎದುರುದಾರನ ಮೇಲೆ ಮಾತ್ರ ಕ್ರಮ ಕೋರುತ್ತೇನೆ" ಅಂತ ಒಂದು ಸಾಲು ಸೇರಿಸಿದೆ.

ಮುಖ್ಯ ಕೆಲಸ ಶುರುವಾಗುವುದು ಸಂರಕ್ಷಣಾಧಿಕಾರಿಯ (ಈ ಕಾಯ್ದೆಯಡಿ ನೆರವಾಗಲು ಸರ್ಕಾರ ನೇಮಿಸಿದವರು) ಹತ್ತಿರ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಈ ಹೊಣೆ ಸಾಮಾನ್ಯವಾಗಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಲಿರುತ್ತದೆ. ಅಂಗನವಾಡಿ ನೋಡಿಕೊಳ್ಳುವ ಆಫೀಸು ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅವರು ನಮೂನೆ 1ರಲ್ಲಿ ಡಿಐಆರ್ (ಕೌಟುಂಬಿಕ ಘಟನಾ ವರದಿ) ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ, ಒಂದು ಪ್ರತಿ ಠಾಣೆಗೆ ಹೋಗುತ್ತದೆ. ಅವರು ಮೀಟಿಂಗಿಗೆ ಹೋಗಿದ್ದಾರೆ, ಮುಂದಿನ ವಾರ ಬನ್ನಿ ಅಂದರೆ ಕಾಯಬೇಕಿಲ್ಲ. ಡಿಐಆರ್ ಇಲ್ಲದೆ ನೇರವಾಗಿ ಹಾಕಿದ ಅರ್ಜಿಯ ಮೇಲೂ ಆದೇಶ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಹೇಳಿದೆ. ವಕೀಲರ ಫೀಸಿನ ಚಿಂತೆ ಇದ್ದರೆ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರು ಉಚಿತ. ಸಹಾಯವಾಣಿ 15100.

ಕೋರ್ಟಿಗೆ ಹಾಕುವುದು ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕಲಂ 12ರ ಅರ್ಜಿ, ನಮೂನೆ 2ರಲ್ಲಿ. ತಕ್ಷಣದ ಆದೇಶ ಬೇಕಾದರೆ ಅದರ ಜೊತೆಗೇ ಕಲಂ 23ರ ಮಧ್ಯಂತರ ಅರ್ಜಿ, ನಮೂನೆ 3ರ ಪ್ರಮಾಣಪತ್ರ. ಏಕಪಕ್ಷೀಯ ಆದೇಶ (ಎದುರುದಾರನ ಮಾತು ಕೇಳುವ ಮೊದಲೇ ಕೊಡುವುದು) ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ಈ ಪ್ರಮಾಣಪತ್ರದ ಮೇಲೆ ನಿಂತಿದೆ. "ಎದುರುದಾರನು ಅವಾಚ್ಯ ಶಬ್ದಗಳಿಂದ ನಿಂದಿಸಿ ಪ್ರಾಣಬೆದರಿಕೆ ಹಾಕಿರುತ್ತಾನೆ" ಅನ್ನುವ ಸಾಲು ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಟೈಪಿಂಗ್ ಅಂಗಡಿಯಲ್ಲಿ ಅದು ಮೊದಲೇ ಸೇವ್ ಆಗಿರುತ್ತದೆ! ಅದನ್ನು ಓದಿದ ನ್ಯಾಯಾಧೀಶರಿಗೆ ಏನೂ ಗೊತ್ತಾಗುವುದಿಲ್ಲ. ನಾನು ಆ ಸಾಲು ಹೊಡೆದುಹಾಕಿಸಿ ಪ್ರತಿ ಘಟನೆಗೂ ಐದು ವಿಷಯ ಬರೆಸಿದೆ: ಯಾವ ದಿನ ಎಷ್ಟು ಹೊತ್ತಿಗೆ, ಎಲ್ಲಿ, ಅವನ ಕೈಯಲ್ಲಿ ಏನಿತ್ತು, ಅವನು ಆಡಿದ ಮಾತು ಆಡಿದ ಹಾಗೇ, ಯಾರು ಕೇಳಿಸಿಕೊಂಡರು. "ಹಿತ್ತಲ ಬಾಗಿಲ ಚಿಲಕ ಮುರಿದು ಒಳಗೆ ಬಂದು, ಮಚ್ಚು ಹಿಡಿದು, 'ಸಹಿ ಹಾಕದೆ ಇದ್ರೆ ನಿನ್ನ ಕಾಲು ಕಡಿದು ಮೂಲೇಲಿ ಕೂರಿಸ್ತೀನಿ' ಎಂದನು, ಆಗ ತಾಯಿ ನಡುಮನೆಯಲ್ಲಿದ್ದರು." ಇಂಥ ನಾಲ್ಕು ಘಟನೆ ಹತ್ತು ಪುಟಕ್ಕಿಂತ ಮೇಲು. ಇತ್ತೀಚಿನದು ಮೊದಲು ಬರಲಿ. ಹಳೆಯ ಘಟನೆ ಬಿಡಬೇಕಿಲ್ಲ. ಕಲಂ 12ರ ಅರ್ಜಿಗೆ ಒಂದು ವರ್ಷದ ಕಾಲಮಿತಿ ಅನ್ವಯಿಸುವುದಿಲ್ಲ.

ಆಡಿಯೋ, ವಾಟ್ಸಾಪ್ ಮೆಸೇಜು ಇದ್ದರೆ ಮೂಲ ಫೋನಿನಿಂದ ಅಳಿಸಬಾರದು, ಫೋನ್ ಮಾರಲೂ ಬಾರದು. ವಿಚಾರಣೆಯಲ್ಲಿ ಅವನ್ನು ಸಾಕ್ಷ್ಯವಾಗಿ ಗುರುತಿಸಲು ಸಾಕ್ಷ್ಯ ಅಧಿನಿಯಮದ ಕಲಂ 63ರ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ನಾವು ಸಹಿ ಹಾಕುವುದು, ಇನ್ನೊಂದಕ್ಕೆ ತಜ್ಞರು, ಹ್ಯಾಶ್ ನಂಬರನ್ನೂ (ಫೈಲು ತಿದ್ದಿಲ್ಲ ಅಂತ ತೋರಿಸುವ ಗುರುತು) ನಮೂದಿಸಬೇಕು. ಮಧ್ಯಂತರ ಆದೇಶವನ್ನು ಪ್ರಮಾಣಪತ್ರದ ಮೇಲೇ ಕೊಡಬಹುದು, ಆದ್ದರಿಂದ ಸರ್ಟಿಫಿಕೇಟಿಗಾಗಿ ಕಾದು ಅರ್ಜಿ ತಡಮಾಡಬೇಡಿ.

ಇನ್ನು ಕೋರಿಕೆ. ಇಲ್ಲಿ ವಕೀಲರೂ ಅವಸರ ಮಾಡುತ್ತಾರೆ. "ರಕ್ಷಣೆ ನೀಡಬೇಕಾಗಿ ಪ್ರಾರ್ಥನೆ" ಅಂದರೆ ಸಿಗುವ ಆದೇಶವೂ ಅಷ್ಟೇ ಮೊಂಡಾಗಿರುತ್ತದೆ. ಅದನ್ನು ಹಿಡಿದು ಬಂದ ಹೆಡ್ ಕಾನ್ಸ್‌ಟೇಬಲ್‌ಗೆ ಏನು ತಡೆಯಬೇಕು ಅಂತಲೇ ತಿಳಿಯುವುದಿಲ್ಲ. ಕಲಂ 18ರಲ್ಲಿ ಏನೇನು ಕೇಳಬಹುದೋ ಅದನ್ನು ಬಿಡಿಬಿಡಿಯಾಗಿ ಕೇಳಿದೆ: ದೌರ್ಜನ್ಯ ಎಸಗಬಾರದು, ಬೇರೆಯವರಿಂದ ಮಾಡಿಸಬಾರದು, ನಾನು ಕೆಲಸ ಮಾಡುವ ಜಾಗಕ್ಕೆ (ಪೂರ್ತಿ ವಿಳಾಸ ಸಮೇತ) ಬರಬಾರದು, ಫೋನು, ಮೆಸೇಜು, ಮೂರನೆಯವರ ಮೂಲಕ ಸಂಪರ್ಕ ಬೇಡ, ತಾಯಿಗೂ, ನನಗೆ ನೆರವಾಗುವವರಿಗೂ ತೊಂದರೆ ಕೊಡಬಾರದು. ಕಲಂ 19ರಲ್ಲಿ ಮನೆ: ನನ್ನನ್ನು ಹೊರಹಾಕಬಾರದು, ಅವನೇ ಹೊರಗಿರಬೇಕು, ಮನೆ ಮಾರಬಾರದು, ಅಡ ಇಡಬಾರದು. ಖಾತಾ ನಂಬರು, ಚೆಕ್ಕುಬಂದಿ ಹಾಕಿಸಿದೆ. ಎದುರುದಾರರು ಹೆಂಗಸಾದರೆ ಮನೆಯಿಂದ ಹೊರಹೋಗುವ ಆದೇಶ ಕೊಡುವಂತಿಲ್ಲ, ಉಳಿದವು ಸಿಗುತ್ತವೆ.

ಇಲ್ಲೊಂದು ಸೂಕ್ಷ್ಮ ಇದೆ. ಉಲ್ಲಂಘನೆಗೆ ಶಿಕ್ಷೆ ಹೇಳುವ ಕಲಂ 31 ಮಾತಾಡುವುದು ರಕ್ಷಣಾ ಆದೇಶ ಮತ್ತು ಮಧ್ಯಂತರ ರಕ್ಷಣಾ ಆದೇಶದ ಬಗ್ಗೆ. ಕಲಂ 19ರ ವಾಸದ ಆದೇಶದ ಹೆಸರು ಅಲ್ಲಿಲ್ಲ. ಹಾಗಾಗಿ "ಮನೆಯ ಗೇಟಿನೊಳಗೆ ಬರಬಾರದು" ಅನ್ನುವುದನ್ನು 19ರಲ್ಲಿ ಮಾತ್ರ ಕೇಳಿದರೆ ಎದುರು ವಕೀಲರು ವಾದ ಎತ್ತುತ್ತಾರೆ. ಅದನ್ನೇ 18(ಜಿ) ಅಡಿಯಲ್ಲೂ ಇನ್ನೊಮ್ಮೆ ಬರೆಸಿದೆ. ಜೊತೆಗೆ ಇಂಥ ಠಾಣೆಯ ಅಧಿಕಾರಿ ಆದೇಶ ಜಾರಿಗೆ ನೆರವಾಗಬೇಕು ಅಂತ ಠಾಣೆಯ ಹೆಸರು ಹಿಡಿದು ಕೇಳಬೇಕು.

ಮೊದಲ ವಾಯಿದೆ ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥಕ್ಕೆ 60 ದಿನದ ಪ್ರಯತ್ನ ಅಂತ ಕಾಯ್ದೆ ಹೇಳುತ್ತದೆ. 60 ದಿನದ ಮಾತನ್ನು ನಂಬಿ ಕೂರಬೇಡಿ. ತಡವಾಗುವುದು ನೋಟಿಸ್ ಜಾರಿಯಲ್ಲಿ. "ಬಾಗಿಲು ಹಾಕಿದೆ" ಅಂತ ಷರಾ ಬರೆದು ವಾಪಸ್ ಬಂದರೆ ವಾಯಿದೆ ಮುಂದಕ್ಕೆ. ಮನೆ ವಿಳಾಸದ ಜೊತೆ ಅವನು ಕೆಲಸ ಮಾಡುವ ಗ್ಯಾರೇಜು, ಹೆಂಡತಿಯ ತವರು, ಎರಡೂ ಮೊಬೈಲ್ ನಂಬರು ಕೊಟ್ಟೆ, ಒಂದು ಫೋಟೋ ಅಂಟಿಸಿದೆ. ಸಂರಕ್ಷಣಾಧಿಕಾರಿಯ ಕಡೆಯವರು ನೋಟಿಸ್ ಕೊಡಲು ಹೋಗುವಾಗ ಬೀಟ್ ಪೊಲೀಸರ ಜೊತೆ ಹೋಗುವಂತೆ ಕೇಳಿಕೊಳ್ಳುವುದು ಒಳ್ಳೆಯದು. ಮನೆ ಬಿಟ್ಟು ಬೇರೆ ಊರಿಗೆ ಹೋಗಿದ್ದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ತಾತ್ಕಾಲಿಕ ವಾಸವೂ ಸಾಕು.

ಆದೇಶದ ಪ್ರತಿ ಠಾಣೆಗೆ ಕೋರ್ಟೇ ಉಚಿತವಾಗಿ ಕಳಿಸಬೇಕು, ಆದರೆ ತಲುಪಿತೇ ಅಂತ ನೋಡುವವರು ಇಲ್ಲ. ಪ್ರಮಾಣಿತ ನಕಲು ಪಡೆದು ನಾನೇ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಅವನು ಗೇಟಿಗೆ ಬಂದರೆ 112ಕ್ಕೆ "ತಮ್ಮ ಗಲಾಟೆ ಮಾಡ್ತಿದ್ದಾನೆ" ಅನ್ನಬಾರದು. "ಕೋರ್ಟ್ ಪ್ರೊಟೆಕ್ಷನ್ ಆರ್ಡರ್ ಇದೆ, ಉಲ್ಲಂಘನೆ ಆಗ್ತಿದೆ" ಅನ್ನಬೇಕು. ಈ ಉಲ್ಲಂಘನೆ ಸಂಜ್ಞೇಯ, ಜಾಮೀನುರಹಿತ; ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಗ ಎನ್‌ಸಿಆರ್ ಅಂತ ಸಾಗಹಾಕಲು ಬರುವುದಿಲ್ಲ.

ತಾಯಿ-ತಂದೆಗೆ 60 ದಾಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಬೇರೆ ಅರ್ಜಿ ಹಾಕಬಹುದು. ನಮ್ಮಪ್ಪನಂಥ ಗಂಡಸರಿಗೆ ಅದೇ ಸರಿಯಾದ ದಾರಿ.

ಅಂತಿಮ ರಕ್ಷಣಾ ಆದೇಶ ನಾವು ತೆರವು ಕೇಳುವವರೆಗೂ ನಿಲ್ಲುತ್ತದೆ. ಪರಿಸ್ಥಿತಿ ಬದಲಾಗಿದೆ ಅಂತ ತೋರಿಸಿ ಬದಲಾವಣೆ ಕೇಳಲು ಅವನಿಗೂ ಅವಕಾಶ ಇದೆ, 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿಯೂ ಹೋಗಬಹುದು. ಮಧ್ಯಂತರ ಆದೇಶಕ್ಕೆ ಆ ಗಟ್ಟಿತನ ಇಲ್ಲ: ನಾವು ವಾಯಿದೆಗಳಿಗೆ ಹೋಗದೆ ಅರ್ಜಿ ವಜಾ ಆದರೆ ಅದೂ ಬಿದ್ದುಹೋಗುತ್ತದೆ. ಕೇಸಿನ 16 ಅಕ್ಷರದ ಸಿಎನ್‌ಆರ್ ನಂಬರನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿಟ್ಟರೆ ಮುಂದಿನ ತಾರೀಖು ಕಾಣುತ್ತದೆ. ವಕೀಲರ ಗುಮಾಸ್ತರಿಗೆ ಫೋನ್ ಮಾಡಿ ಕಾಯಬೇಕಿಲ್ಲ.