ನಗೆಬರಹ ಬೇರೆಯವರಿಗೆ ಕಳಿಸುವ ಮುಂಚೆ

ನಗೆಬರಹ ಕಳಿಸುವಾಗ "ಓದಿ, ನಕ್ಕು ನಕ್ಕು ಸಾಕಾಗುತ್ತೆ" ಅಂತ ಮೊದಲೇ ಹೇಳಬೇಡಿ. ಓದುವವರು ಎಲ್ಲಿ ನಗಬೇಕು ಅಂತ ಹುಡುಕುತ್ತಾ ಕೂರುತ್ತಾರೆ. ಒಂದು ಸಲಕ್ಕೆ ಒಂದೇ ಸಾಕು. ನಾನೊಮ್ಮೆ ಭಾವನಿಗೆ ಹನ್ನೆರಡು ಹನಿಗವನ ಒಟ್ಟಿಗೆ ಕಳಿಸಿದ್ದೆ. ಬಂದ ಉತ್ತರ ಒಂದು ಹೆಬ್ಬೆರಳು, ಅಷ್ಟೇ!

ಎದುರಿಗೇ ಇದ್ದರೆ ಓದಿ ಹೇಳುವುದು ಇನ್ನೂ ಚೆನ್ನ. ಕೊನೆ ಸಾಲಿಗೆ ಮುಂಚೆ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ನಿಲ್ಲಿಸಿ. ಶ್ಲೇಷೆ ಇದ್ದರೆ ಬಿಡಿಸಿ ಹೇಳಲು ಹೋಗಬೇಡಿ, ಸಪ್ಪೆಯಾಗುತ್ತದೆ.

ಹಳೇ ರುಚಿ ಬೇಕಾದವರು 'ಕೊರವಂಜಿ'ಯ ಸಂಚಿಕೆ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ರಾಶಿ, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ ಶುರು ಮಾಡಿದ ಹಾಸ್ಯಪತ್ರಿಕೆ ಅದು. ಆರ್.ಕೆ. ಲಕ್ಷ್ಮಣ್ ಕೂಡ ಅದಕ್ಕೆ ಚಿತ್ರ ಬರೆದಿದ್ದಾರೆ.

ಅತ್ತೆ-ಸೊಸೆ ಜೋಕು ಮಾತ್ರ ಮನೆಯವರ ಗುಂಪಿಗೆ ಬೇಡ. ಅನುಭವದಿಂದ ಹೇಳುತ್ತಿದ್ದೇನೆ.