ಟೈಮರ್ ನಂಬುವ ಮೊದಲು ಡಬ್ಬಿ ಇಟ್ಟು ನೋಡಿ

ನನ್ನ ಚಿಕ್ಕ ಹಸಿರುಮನೆಯಲ್ಲಿ ನಲವತ್ತು ಕುಂಡಗಳಿವೆ. ಜಾಸ್ತಿ ಟೊಮೆಟೊ, ಮೆಣಸು. ಎರಡು ದಿನ ಎಲ್ಲಿಗಾದರೂ ಹೋದರೆ ಮನಸ್ಸೆಲ್ಲ ಗಿಡಗಳ ಮೇಲೇ ಇರುತ್ತಿತ್ತು. ಅದಕ್ಕೇ ತಾನಾಗಿ ನೀರು ಬಿಡುವ ಡ್ರಿಪ್ ಹಾಕಿಕೊಂಡೆ.

ಮೊದಲು ಮಾಡಿದ್ದು ಹೀಗೆ. ಒಂದೂವರೆ ಮೀಟರ್ ಎತ್ತರದ ಸ್ಟ್ಯಾಂಡ್ ಮೇಲೆ ನೀರಿನ ಡ್ರಮ್ಮು, ಅದರ ನಲ್ಲಿಗೆ ಬ್ಯಾಟರಿ ಟೈಮರ್, ಅಲ್ಲಿಂದ 16 ಮಿ.ಮೀ. ಕಪ್ಪು ಪೈಪು. ಪ್ರತಿ ಕುಂಡಕ್ಕೂ ಒಂದು ತೆಳು ಟ್ಯೂಬು, ಅದರ ತುದಿಗೆ ಗಂಟೆಗೆ 2 ಲೀಟರ್ ಬಿಡುವ ಡ್ರಿಪ್ಪರ್. ಎಲ್ಲ ಕಡೆ ಹನಿ ಬೀಳುತ್ತಿತ್ತು, ಸಾಕು ಅಂದುಕೊಂಡೆ. ಹತ್ತು ದಿನ ಕಳೆಯುವಷ್ಟರಲ್ಲಿ ಮೇಲಿನ ಬೆಂಚಿನ ಗಿಡಗಳು ಬಾಡಿದವು. ಟೈಮರಿನ ಹೊತ್ತು ಹೆಚ್ಚಿಸಿದೆ. ಈಗ ಕೆಳಗಿನ ಕುಂಡಗಳಲ್ಲಿ ಬೇರು ಕೊಳೆಯಿತು.

ಆಗ ಪ್ರತಿ ಡ್ರಿಪ್ಪರ್ ಕೆಳಗೂ ಒಂದೊಂದು ಡಬ್ಬಿ ಇಟ್ಟು 15 ನಿಮಿಷ ನೀರು ಬಿಟ್ಟೆ. ಲೆಕ್ಕದಂತೆ ಒಂದೊಂದರಲ್ಲೂ 500 ಮಿ.ಲೀ. ಇರಬೇಕಿತ್ತು, ಅಲ್ವಾ? ಡ್ರಮ್ಮಿನ ಹತ್ತಿರ, ಕೆಳಗಿನ ಸಾಲಿನಲ್ಲಿ 200 ಸಿಕ್ಕಿತು. ಮೇಲಿನ ಬೆಂಚಿನ ಕೊನೆಯಲ್ಲಿ ಬರೀ 90.

ಕಾರಣ ಒತ್ತಡ. ಡ್ರಿಪ್ಪರ್ ಮೇಲೆ ಬರೆದಿರುವ 2 ಲೀಟರ್ ಸಾಮಾನ್ಯವಾಗಿ 1 ಬಾರ್ ಒತ್ತಡದ ಲೆಕ್ಕ. ಅಷ್ಟು ಒತ್ತಡ ಬರಬೇಕಾದರೆ ಡ್ರಮ್ಮು ಸುಮಾರು ಹತ್ತು ಮೀಟರ್ ಮೇಲಿರಬೇಕು. ನನ್ನದು ಇದ್ದದ್ದೇ ಒಂದೂವರೆ ಮೀಟರ್. ಅದರಲ್ಲೂ ಬೆಂಚು ಅರ್ಧ ಮೀಟರ್ ಎತ್ತರ, ಅಂದರೆ ಒತ್ತಡದ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಇನ್ನೊಂದು ಮಾತು. ನಲ್ಲಿಗೆ ಹಾಕುವ ಎಷ್ಟೋ ಟೈಮರುಗಳ ವಾಲ್ವ್ ನೀರಿನ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಡ್ರಮ್ಮಿನ ಒತ್ತಡ ಅದಕ್ಕೆ ಸಾಲುವುದಿಲ್ಲ. ನನ್ನದು ಒಂದು ರಾತ್ರಿ ಸರಿಯಾಗಿ ಮುಚ್ಚಿಕೊಳ್ಳದೆ ಡ್ರಮ್ಮೆಲ್ಲ ಖಾಲಿಯಾಯಿತು. ಡ್ರಮ್ಮಿನಿಂದಲೇ ನೀರು ಬಿಡುವವರು ಬಾಲ್ ವಾಲ್ವ್ (ನೀರಿನ ಒತ್ತಡ ಬೇಡದೆ ಮೋಟಾರಿನಿಂದ ತಿರುಗುವಂಥದ್ದು) ಇರುವ ಟೈಮರನ್ನೇ ತೆಗೆದುಕೊಳ್ಳಿ.

ನಾನು ಡ್ರಮ್ಮನ್ನು ಕೆಳಗಿಳಿಸಿ ಚಿಕ್ಕ ಪಂಪು ಹಾಕಿದೆ. ಟೈಮರ್ ಈಗ ಪಂಪನ್ನು ಆನ್, ಆಫ್ ಮಾಡುತ್ತದೆ. ಡ್ರಮ್ಮಿನ ನೀರಿನ ಮಟ್ಟ ಎಲ್ಲ ಡ್ರಿಪ್ಪರುಗಳಿಗಿಂತ ಕೆಳಗಿರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಪಂಪು ನಿಂತ ಮೇಲೂ ನೀರು ತಾನಾಗಿ ಹರಿಯುತ್ತಲೇ ಇರುತ್ತದೆ. ಪಂಪು ಆದ ಮೇಲೆ ಕಸ ತಡೆಯುವ 120 ಮೆಶ್ (ಅಂಗುಲಕ್ಕೆ 120 ಕಣ್ಣಿನ ಜಾಲರಿ) ಫಿಲ್ಟರ್, ನಂತರ ಒತ್ತಡವನ್ನು 1 ಬಾರ್‌ಗೆ ಇಳಿಸುವ ರೆಗ್ಯುಲೇಟರ್. ಹಳೆಯ ಡ್ರಿಪ್ಪರ್ ತೆಗೆದು, ಒತ್ತಡ ಸ್ವಲ್ಪ ಹೆಚ್ಚುಕಡಿಮೆಯಾದರೂ ಒಂದೇ ಸಮ ನೀರು ಬಿಡುವ ಬಗೆಯವನ್ನು ಹಾಕಿದೆ. ಮತ್ತೆ ಡಬ್ಬಿ ಇಟ್ಟಾಗ ಎಲ್ಲದರಲ್ಲೂ 480ರಿಂದ 510 ಮಿ.ಲೀ. ಇತ್ತು. ಅವತ್ತಿನ ಸಮಾಧಾನ ಹೇಳತೀರದು.

ಹೊತ್ತು ಹೊಂದಿಸುವುದನ್ನು ಕುಂಡಗಳಿಂದಲೇ ಕಲಿತೆ. ನನ್ನ ಕುಂಡಗಳಲ್ಲಿ ಹೆಚ್ಚಿನ ಪಾಲು ತೆಂಗಿನ ನಾರಿನ ಪುಡಿ. ಅದು ಒಮ್ಮೆ ಪೂರ್ತಿ ಒಣಗಿದರೆ ನೀರು ಕುಂಡದ ಅಂಚಿನಲ್ಲೇ ಇಳಿದುಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಹಾಗಾಗಿ ಒಂದೇ ಸಲ 12 ನಿಮಿಷ ಬಿಡುವ ಬದಲು ದಿನಕ್ಕೆ ಮೂರು ಸಲ 4 ನಿಮಿಷ ಬಿಡುತ್ತೇನೆ. ಸಂಜೆ ಒಂದೆರಡು ಕುಂಡ ಎತ್ತಿ ನೋಡಿದರೆ ತೂಕದಲ್ಲೇ ತಿಳಿಯುತ್ತದೆ. ದೊಡ್ಡ ಕುಂಡಕ್ಕೆ ಎರಡು ಡ್ರಿಪ್ಪರ್ ಹಾಕಿದ್ದೇನೆ. ಎಲ್ಲಕ್ಕೂ ಒಂದೇ ಟೈಮರ್ ಆದ್ದರಿಂದ ನೀರಿನ ವ್ಯತ್ಯಾಸ ಡ್ರಿಪ್ಪರಿನಲ್ಲೇ ಬರಬೇಕು.

ಗಡಸು ನೀರಾದರೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಬಿಚ್ಚಿ ರಾತ್ರಿಯೆಲ್ಲ ವಿನೆಗರಿನಲ್ಲಿ ನೆನೆಸಿಟ್ಟರೆ ಬಿಡುತ್ತದೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದು, ಪೈಪಿನ ತುದಿ ಬಿಚ್ಚಿ ನೀರು ಹರಿಸುತ್ತೇನೆ.

ಪ್ರತಿ ಸಾಲಿನ ಕೊನೆಯಲ್ಲೂ ಗಿಡವಿಲ್ಲದ ಒಂದು ಡ್ರಿಪ್ಪರ್ ಬಿಟ್ಟು ಅದರ ಕೆಳಗೆ ಡಬ್ಬಿ ಇಟ್ಟಿದ್ದೇನೆ. ಮೂರು ಸರದಿಗೆ 400 ಮಿ.ಲೀ. ತುಂಬಬೇಕು. ಬೆಳಿಗ್ಗೆ ಹಸಿರುಮನೆಗೆ ಹೋದರೆ ಮೊದಲು ನೋಡುವುದು ಅದನ್ನೇ, ಗಿಡಗಳನ್ನು ಆಮೇಲೆ.