ಹಾಸಿಗೆಯ ತಲೆದೆಸೆ ಎತ್ತಿದ ಕಥೆ

ನೆಗಡಿಯಾದರೂ ನನ್ನ ದೊಡ್ಡ ಮಗ ಹಗಲೆಲ್ಲ ಕುಣಿದಾಡಿಕೊಂಡೇ ಇದ್ದ. ರಾತ್ರಿ ಮಲಗಿಸಿದ ಹತ್ತೇ ನಿಮಿಷಕ್ಕೆ ಮೂಗು ಕಟ್ಟಿ, ಬಾಯಿ ಒಣಗಿ, ಎದ್ದು ಕೂತು ಅಳು. ಆಗ ಅವನಿಗೆ 4 ವರ್ಷ. ಹೆಗಲಿಗೆ ಹಾಕಿಕೊಂಡರೆ ಗೊರಗೊರ ಎನ್ನುತ್ತಲೇ ನಿದ್ದೆ, ಹಾಸಿಗೆಗೆ ಇಳಿಸಿದರೆ ಮತ್ತೆ ರಾಗ. ಹೆಗಲ ಮೇಲಿದ್ದಾಗ ತಲೆ ಎದೆಗಿಂತ ಮೇಲಿರುತ್ತದೆ ಅನ್ನುವುದು ನನಗೆ ಹೊಳೆದದ್ದು ಮೂರನೇ ರಾತ್ರಿ. ಮಟ್ಟಸವಾಗಿ ಮಲಗಿದಾಗ ಮೂಗಿನೊಳಗಿನ ರಕ್ತನಾಳಗಳು ತುಂಬಿಕೊಂಡು ಒಳಪೊರೆ ಊದುತ್ತದೆ, ಸಿಂಬಳ ಹಿಂದಕ್ಕೆ ಇಳಿದು ಗಂಟಲು ಕೆರೆಯುತ್ತದೆ.

ಮೊದಲು ಎಲ್ಲರಂತೆ ಎರಡು ದಿಂಬು ಇಟ್ಟೆ. ಕತ್ತು ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗಿತು, ಉಸಿರಾಟ ಇನ್ನೂ ಗದ್ದಲವಾಯಿತು. ಅರ್ಧ ಗಂಟೆಯೊಳಗೆ ಅವನು ದಿಂಬು ಬಿಟ್ಟು ಕೆಳಗೆ ಜಾರಿದ್ದ. ಆಮೇಲೆ ಟವೆಲ್ ಸುತ್ತಿ ಹಾಸಿಗೆಯ ಕೆಳಗೆ ತೂರಿಸಿದೆ. ಬೆನ್ನಿಗೆ ಗಂಟಿನಂತೆ ಒತ್ತಿತು.

ಸರಿಹೋದದ್ದು ದಪ್ಪ ಹೊದಿಕೆಯಿಂದ. ತಲೆದೆಸೆಯಲ್ಲಿ ನಾಲ್ಕು ಮಡಿಕೆ, ಸೊಂಟದ ಹತ್ತಿರ ಬರುವಷ್ಟರಲ್ಲಿ ಒಂದೇ ಮಡಿಕೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಡಚಿ ಹಾಸಿಗೆಯ ಅಡಿಗಿಟ್ಟೆ. ಎತ್ತರ ನಾಲ್ಕು ಬೆರಳಿನಷ್ಟು, ಅಷ್ಟು ಸಾಕು. ಈ ಕಡೆಯಿಂದ ಆ ಕಡೆಯವರೆಗೆ ಹಾಸಿಗೆಯ ಪೂರ್ತಿ ಅಗಲಕ್ಕೂ ಇರಬೇಕು, ಇಲ್ಲದಿದ್ದರೆ ಮಗು ಒಂದು ಪಕ್ಕಕ್ಕೆ ಉರುಳುತ್ತದೆ. ನಮ್ಮದು ಫೋಮ್ ಹಾಸಿಗೆ, ಬಾಗಿತು. ನಾರಿನ ಹಾಸಿಗೆ ಬಾಗುವುದಿಲ್ಲ. ಮಂಚದ ಕಾಲಿಗೆ ಪುಸ್ತಕ ಇಟ್ಟು ಎತ್ತಲು ಹೋಗಬೇಡಿ. ನಾನು ಇಟ್ಟು ನೋಡಿದ್ದೇನೆ, ನಡುರಾತ್ರಿ ಅವು ಜಾರಿದ ಸದ್ದಿಗೆ ಮನೆಯೆಲ್ಲ ಎದ್ದಿತು.

ಆ ರಾತ್ರಿ ಸತತ ನಾಲ್ಕು ಗಂಟೆ ಮಲಗಿದ. ಪೂರ್ತಿ ಶ್ರೇಯ ಇಳಿಜಾರಿಗಲ್ಲ: ಮಲಗುವ ಮುಂಚೆ ಮೂಗಿಗೆ ಸಲೈನ್ (ಉಪ್ಪುನೀರಿನ) ಹನಿ ಹಾಕಿ ಚೆನ್ನಾಗಿ ಸೀಟಿಸಿದ್ದೆ. ನನ್ನನ್ನು ಕೇಳಿದರೆ ಮುಕ್ಕಾಲು ಕೆಲಸ ಅದರದ್ದೇ. ಎರಡು ಗಂಟೆಗೆ ಹೋಗಿ ನೋಡಿದರೆ ಪುಣ್ಯಾತ್ಮ ಉಲ್ಟಾ ತಿರುಗಿ, ಎತ್ತರದ ಕಡೆ ಕಾಲಿಟ್ಟು ಮಲಗಿದ್ದ!

ಚಿಕ್ಕವಳಿಗೆ ಆಗ 5 ತಿಂಗಳು, ಅವಳಿಗೂ ಅದೇ ನೆಗಡಿ ಅಂಟಿತು. ಅವಳ ತೊಟ್ಟಿಲಿಗೂ ಹೀಗೇ ಮಾಡೋಣವೆಂದಾಗ ಮಕ್ಕಳ ಡಾಕ್ಟರು ಖಡಾಖಂಡಿತವಾಗಿ ಬೇಡವೆಂದರು. ಒಂದು ವರ್ಷ ತುಂಬದ ಕೂಸು ಮಟ್ಟಸವಾದ, ಗಟ್ಟಿ ಹಾಸಿಗೆಯ ಮೇಲೆ ಅಂಗಾತವೇ ಮಲಗಬೇಕು, ದಿಂಬೂ ಇರಕೂಡದು. ಕೂಸಿನ ತಲೆ ಭಾರ, ಕತ್ತಿಗೆ ಬಲ ಕಡಿಮೆ. ಇಳಿಜಾರಿನಲ್ಲಿ ಗಲ್ಲ ಎದೆಗೆ ಬಿದ್ದರೆ ಉಸಿರಿನ ದಾರಿಯೇ ಮಡಚಿಕೊಳ್ಳುತ್ತದೆ, ಕೂಗಲೂ ಆಗುವುದಿಲ್ಲ. ಹಾಗಾಗಿ ಅವಳಿಗೆ ಹಾಲು ಕುಡಿಸುವ ಮುಂಚೆ ಸಲೈನ್ ಹನಿ, ರಬ್ಬರ್ ಬಲ್ಬಿನಿಂದ ಸಿಂಬಳ ತೆಗೆಯುವುದು, ಎಚ್ಚರವಿದ್ದಾಗ ನೆಟ್ಟಗೆ ಎತ್ತಿಕೊಳ್ಳುವುದು, ಇಷ್ಟೇ. ಎತ್ತಿಕೊಂಡು ಸೋಫಾದಲ್ಲಿ ನಾವೇ ತೂಕಡಿಸಿದರೆ ಅದೂ ಅಪಾಯವೆಂದು ಇಬ್ಬರೂ ಪಾಳಿ ಹಾಕಿಕೊಂಡೆವು. ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಕುಡಿಯುವುದು ಬಿಟ್ಟರೆ, ತುಟಿ ನೀಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕೆಂದೂ ಹೇಳಿ ಕಳಿಸಿದ್ದರು. ಹಾಗಾಗಲಿಲ್ಲ.

ವಾರದಲ್ಲಿ ಇಬ್ಬರ ಮೂಗೂ ತೆರೆಯಿತು. ಹೊದಿಕೆ ತೆಗೆದು ಹಾಸಿಗೆ ಮಟ್ಟ ಮಾಡಿದ ದಿನ ದೊಡ್ಡವನದು ಒಂದೇ ಹಟ: ನನ್ನ ಜಾರುಬಂಡಿ ವಾಪಸ್ ಕೊಡು.